ಹದಿಹರೆಯದ ಮಕ್ಕಳಿಗೆ ಥೆರಪಿ: ಮನೆಯವರು ಎಲ್ಲಿಂದ ಶುರು ಮಾಡಬೇಕು, ಹೇಗೆ ಜೊತೆಗಿರಬೇಕು

ಹದಿಹರೆಯದವರ ಮನಸ್ಸಿನ ತೊಂದರೆಗೆ ಸಹಾಯ ತಡವಾಗಿ ಸಿಗುವುದಕ್ಕೆ ಒಂದು ದೊಡ್ಡ ಕಾರಣವಿದೆ. ‘ಈ ವಯಸ್ಸೇ ಹಾಗೆ, ತಾನಾಗೇ ಸರಿಹೋಗುತ್ತದೆ’ ಎಂದು ಮನೆಯವರು ಕಾಯುತ್ತಾ ಕೂರುತ್ತಾರೆ. ಕೆಲವು ಸಲ ಅದು ನಿಜವೂ ಹೌದು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 10ರಿಂದ 19 ವರ್ಷದ ಪ್ರತಿ ಏಳು ಜನರಲ್ಲಿ ಒಬ್ಬರಿಗೆ ಯಾವುದಾದರೂ ಮಾನಸಿಕ ತೊಂದರೆ ಇರುತ್ತದೆ. ದೊಡ್ಡವರಲ್ಲಿ ಕಾಣುವ ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಅರ್ಧದಷ್ಟು 14ನೇ ವಯಸ್ಸಿನ ಹೊತ್ತಿಗೇ ಶುರುವಾಗಿರುತ್ತವೆ. ಹಾಗಾಗಿ ಕಾಯುವುದಕ್ಕೂ ಒಂದು ಮಿತಿ ಬೇಕು.

ಮುಂದೆ ಓದುವ ಮುನ್ನ ಒಂದು ಮಾತು. ಮಗಳನ್ನೋ ಮಗನನ್ನೋ ಥೆರಪಿಸ್ಟ್ ಹತ್ತಿರ ಬಿಟ್ಟು, ಸರಿಯಾದ ಮೇಲೆ ಕರೆದುಕೊಂಡು ಬಂದರಾಯಿತು ಎಂದುಕೊಂಡರೆ ಅರ್ಧ ಕೆಲಸ ಮಾತ್ರ ಆಗುತ್ತದೆ. ಥೆರಪಿ, ಅಂದರೆ ಮಾತಿನ ಚಿಕಿತ್ಸೆ, ನಡೆಯುವುದು ವಾರಕ್ಕೆ ಒಂದು ಗಂಟೆ. ಉಳಿದ 167 ಗಂಟೆ ಮಗು ಇರುವುದು ಮನೆಯಲ್ಲಿ, ಶಾಲೆಯಲ್ಲಿ, ಗೆಳೆಯರ ಮಧ್ಯೆ. ಆ ಗಂಟೆಯಲ್ಲಿ ಕಲಿತದ್ದು ಉಳಿಯುತ್ತದೋ ಅಳಿಯುತ್ತದೋ ಎನ್ನುವುದು ಮನೆಯವರು ಏನು ಮಾಡುತ್ತಾರೆ ಎನ್ನುವುದರ ಮೇಲೂ ನಿಂತಿದೆ. ಅದಕ್ಕೇ ಇಲ್ಲಿನ ಹೆಚ್ಚಿನ ಹಂತಗಳು ಅಪ್ಪ ಅಮ್ಮನಿಗೆ.

ಹಂತ 1: ಗಮನಿಸಿ, ಬರೆದಿಡಿ

ಸಿಡುಕು, ಒಂಟಿಯಾಗಿರುವ ಆಸೆ, ಅಪ್ಪ ಅಮ್ಮನ ಮಾತಿಗೆ ಎದುರು ಮಾತು, ಇವೆಲ್ಲ ಈ ವಯಸ್ಸಿನಲ್ಲಿ ಸಹಜವೇ. ಹಾಗಾದರೆ ಯಾವುದನ್ನು ತೊಂದರೆ ಎನ್ನುವುದು? ಮೂರು ವಿಷಯ ನೋಡಿ. ಮೊದಲನೆಯದು ಬದಲಾವಣೆ. ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ, ಆರು ತಿಂಗಳ ಹಿಂದೆ ಇದೇ ಮಗು ಹೇಗಿತ್ತು ಎಂದು ನೋಡಿ. ಎರಡನೆಯದು ಎಷ್ಟು ದಿನದಿಂದ ಎನ್ನುವುದು. ಖಿನ್ನತೆ ಎಂದು ಹೇಳುವುದಕ್ಕೆ ವೈದ್ಯರು ಸಾಮಾನ್ಯವಾಗಿ ಕನಿಷ್ಠ ಎರಡು ವಾರ, ಹೆಚ್ಚುಕಡಿಮೆ ದಿನವೂ ಲಕ್ಷಣ ಇದೆಯೇ ಎಂದು ಕೇಳುತ್ತಾರೆ. ಮೂರನೆಯದು ದಿನದ ಬದುಕು. ನಿದ್ದೆ, ಊಟ, ಓದು, ಗೆಳೆತನ, ಸ್ನಾನ ಇವುಗಳಲ್ಲಿ ಎಷ್ಟು ಕೆಟ್ಟಿದೆ?

ತುಂಬಾ ಜನರಿಗೆ ಗೊತ್ತಿಲ್ಲದ ಒಂದು ಸಂಗತಿ: ಈ ವಯಸ್ಸಿನ ಖಿನ್ನತೆ ಯಾವಾಗಲೂ ಅಳುವಿನ ರೂಪದಲ್ಲಿ ಬರುವುದಿಲ್ಲ. ದುಃಖದ ಬದಲು ಸಿಟ್ಟು, ಕಿರಿಕಿರಿಯೇ ಜಾಸ್ತಿ ಕಾಣಬಹುದು. ‘ಇವನಿಗೆ ಸೊಕ್ಕು ಬಂದಿದೆ’ ಎಂದು ಮನೆಯವರು ಅಂದುಕೊಂಡಿದ್ದು ನಿಜವಾಗಿ ಖಿನ್ನತೆಯಾಗಿರಬಹುದು. ಆತಂಕವೂ ವೇಷ ಬದಲಿಸಿಕೊಂಡು ಬರುತ್ತದೆ. ಶಾಲೆ ಇರುವ ದಿನ ಬೆಳಗ್ಗೆ ಮಾತ್ರ ಹೊಟ್ಟೆನೋವು, ತಲೆನೋವು, ವಾಕರಿಕೆ. ಆ ನೋವು ನಾಟಕವಲ್ಲ, ನಿಜವಾಗಿಯೂ ನೋಯುತ್ತದೆ.

ನಿದ್ದೆಯ ಬಗ್ಗೆ ಮಾತ್ರ ಸ್ವಲ್ಪ ಉದಾರವಾಗಿರಿ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಪ್ರೌಢಾವಸ್ಥೆಯಲ್ಲಿ ದೇಹದ ಗಡಿಯಾರವೇ ಮುಂದಕ್ಕೆ ಸರಿಯುತ್ತದೆ. ರಾತ್ರಿ ಬೇಗ ನಿದ್ದೆ ಹತ್ತದೇ ಇರುವುದು, ಬೆಳಗ್ಗೆ ಏಳಲಾಗದೇ ಇರುವುದು ಇಷ್ಟರಿಂದಲೇ ಕಾಯಿಲೆ ಎನ್ನಲಾಗುವುದಿಲ್ಲ. ರಾತ್ರಿಯಿಡೀ ಎಚ್ಚರ, ಹಗಲಿಡೀ ಹಾಸಿಗೆ ಎನ್ನುವ ಹಾಗಾದರೆ ಅದು ಬೇರೆ ಮಾತು.

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ತಾರೀಖು, ಏನಾಯಿತು, ಅದಕ್ಕೆ ಮುಂಚೆ ಏನು ನಡೆದಿತ್ತು, ಆಮೇಲೆ ಮನೆಯವರು ಏನು ಮಾಡಿದರು, ಇಷ್ಟು ಬರೆಯಿರಿ. ಕೊನೆಯ ಕಾಲಂ ಬಿಡಬೇಡಿ. ಮುಂದೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಅದೇ.

ಎರಡು ವಾರ ಗಮನಿಸಿ ಎನ್ನುವುದು ಎಲ್ಲದಕ್ಕೂ ಅನ್ವಯಿಸುವುದಿಲ್ಲ. ಸಾಯುವ ಮಾತು, ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಇಲ್ಲದ ದನಿ ಕೇಳಿಸುವುದು, ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಗಟ್ಟಿ ನಂಬಿಕೆ, ಊಟ ಬಿಟ್ಟು ತೂಕ ಬೇಗ ಇಳಿಯುವುದು, ದಿನಗಟ್ಟಲೆ ನಿದ್ದೆಯಿಲ್ಲದೆಯೂ ವಿಪರೀತ ಹುರುಪು, ಇವುಗಳಲ್ಲಿ ಯಾವುದು ಕಂಡರೂ ಅದೇ ದಿನ ವೈದ್ಯರನ್ನು ಸಂಪರ್ಕಿಸಿ.

ಹಂತ 2: ಮಾತು ತೆಗೆಯುವುದು

ಎದುರು ಬದುರು ಕೂರಿಸಿಕೊಂಡು ‘ಏನಾಗಿದೆ ನಿನಗೆ?’ ಎಂದರೆ ವಿಚಾರಣೆ ನಡೆಸಿದ ಹಾಗಾಗುತ್ತದೆ. ‘ಏನಿಲ್ಲ’ ಎನ್ನುವ ಉತ್ತರ ಬಿಟ್ಟು ಬೇರೆ ಬರುವುದಿಲ್ಲ. ಪಕ್ಕ ಪಕ್ಕದಲ್ಲಿರುವಾಗ ಮಾತು ಸುಲಭ. ನಡೆಯುತ್ತಾ, ಗಾಡಿಯಲ್ಲಿ ಹೋಗುತ್ತಾ, ಪಾತ್ರೆ ಒರೆಸುತ್ತಾ. ಕಣ್ಣಿಗೆ ಕಣ್ಣು ಕೊಟ್ಟು ಕೂರಬೇಕಾಗಿಲ್ಲದ ಕಡೆ ಮಕ್ಕಳ ಬಾಯಿ ಬಿಚ್ಚುತ್ತದೆ.

ಕಂಡದ್ದನ್ನು ಮಾತ್ರ ಹೇಳಿ, ತೀರ್ಪು ಬೇಡ. ‘ನೀನು ಸೋಮಾರಿಯಾಗಿದ್ದೀಯ’ ಎನ್ನುವ ಬದಲು, ‘ಪುಟ್ಟಾ, ಈಚೆಗೆ ನೀನು ಆಟಕ್ಕೆ ಹೋಗುತ್ತಿಲ್ಲ. ಊಟವೂ ಅರ್ಧಕ್ಕೆ ಬಿಡ್ತೀಯ. ಏನೋ ಕಷ್ಟ ಆಗ್ತಿದೆ ಅನ್ನಿಸ್ತು’ ಎನ್ನಿ. ಆಮೇಲೆ ಸುಮ್ಮನಿರಿ. ಆ ಮೌನ ನಿಮಗೆ ಉದ್ದ ಎನಿಸುತ್ತದೆ, ತುಂಬಲು ಹೋಗಬೇಡಿ.

ಮಗು ಏನಾದರೂ ಹೇಳಿದರೆ ತಕ್ಷಣ ಪರಿಹಾರ ಕೊಡುವ ಆಸೆ ತಡೆದುಕೊಳ್ಳಿ. ‘ಅಷ್ಟಕ್ಕೆಲ್ಲ ಬೇಜಾರಾ?’, ‘ನಮ್ಮ ಕಾಲದಲ್ಲಿ…’, ‘ಎಲ್ಲಾ ಇದೆಯಲ್ಲ ನಿನಗೆ, ಏನು ಕಮ್ಮಿ ಮಾಡಿದ್ದೀವಿ?’ ಎನ್ನುವ ಮೂರು ಮಾತು ಬಂದರೆ ಅಲ್ಲಿಗೆ ಮಾತುಕತೆ ಮುಗಿಯಿತು. ಅದರ ಬದಲು ಒಂದು ಪ್ರಶ್ನೆ ಕೇಳಿ: ‘ನಾನು ಸುಮ್ನೆ ಕೇಳಿಸಿಕೊಂಡರೆ ಸಾಕಾ, ಇಲ್ಲಾ ಏನಾದರೂ ಮಾಡಬೇಕಾ?’ ಏನು ಬೇಕು ಎಂದು ಹೇಳುವ ಹಕ್ಕು ಅವರಿಗೆ ಸಿಕ್ಕರೆ ಅರ್ಧ ಭಾರ ಇಳಿಯುತ್ತದೆ.

ಮೊದಲ ಸಲ ಏನೂ ಹೇಳದೇ ಇರಬಹುದು. ಪರವಾಗಿಲ್ಲ. ‘ಸರಿ, ಯಾವಾಗ ಬೇಕಾದರೂ ಹೇಳು. ರಾತ್ರಿ ಎರಡು ಗಂಟೆಗೆ ಎಬ್ಬಿಸಿದರೂ ಏಳ್ತೀನಿ’ ಎಂದು ಹೇಳಿ ಬಿಟ್ಟುಬಿಡಿ. ಎಬ್ಬಿಸಿದ ದಿನ ನಿಜವಾಗಿಯೂ ಏಳಿ.

ಹಂತ 3: ಸಾಯುವ ಯೋಚನೆ ಇದೆಯೇ ಎಂದು ನೇರವಾಗಿ ಕೇಳಿ

ಇದನ್ನು ಹೇಳಲು ನಾಲಿಗೆ ಏಳುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗುತ್ತದೆ ಎಂಬ ಭಯ ಎಲ್ಲರಿಗೂ ಇದೆ. ಈ ಬಗ್ಗೆ ನಡೆದಿರುವ ಅಧ್ಯಯನಗಳಲ್ಲಿ ಆ ಭಯಕ್ಕೆ ಆಧಾರ ಸಿಕ್ಕಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಮಕ್ಕಳಿಗೆ ಹಗುರಾಗುವುದೇ ಹೆಚ್ಚು.

ಸುತ್ತಿ ಬಳಸಿ ಕೇಳಬೇಡಿ. ‘ಹುಚ್ಚುಚ್ಚು ಯೋಚನೆ ಏನೂ ಇಲ್ಲ ಅಲ್ವಾ?’ ಎಂದರೆ, ಇಲ್ಲ ಎಂದೇ ಹೇಳು ಎಂದು ನೀವೇ ಹೇಳಿಕೊಟ್ಟ ಹಾಗೆ. ‘ಬೇಜಾರು ತುಂಬಾ ಜಾಸ್ತಿಯಾದಾಗ ಕೆಲವರಿಗೆ ಸಾಯಬೇಕು ಅನ್ನಿಸುತ್ತೆ. ನಿನಗೆ ಹಾಗೆ ಅನ್ನಿಸಿದೆಯಾ?’ ಎಂದು ಕೇಳಿ. ಹೌದು ಎಂದರೆ ಬೆಚ್ಚಿಬೀಳಬೇಡಿ, ಬೈಯಬೇಡಿ, ಆಣೆ ಹಾಕಿಸಿಕೊಳ್ಳಬೇಡಿ. ‘ಹೇಳಿದ್ದು ಒಳ್ಳೇದಾಯ್ತು’ ಎನ್ನಿ. ಆಮೇಲೆ, ಹೇಗೆ ಅಂತ ಯೋಚಿಸಿದ್ದೀಯಾ, ಯಾವಾಗ ಅಂತ ಯೋಚಿಸಿದ್ದೀಯಾ, ಮುಂಚೆ ಯಾವತ್ತಾದರೂ ಪ್ರಯತ್ನ ಮಾಡಿದ್ದೆಯಾ ಎಂದು ಕೇಳಿ. ಯೋಜನೆ ಇದೆ ಎಂದಾದರೆ ಒಂಟಿಯಾಗಿ ಬಿಡಬೇಡಿ. ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ, ಅಥವಾ ನೀವಿರುವಲ್ಲಿನ ತುರ್ತು ಸಹಾಯವಾಣಿಗೆ ಕರೆ ಮಾಡಿ. ನಾಳೆ ನೋಡೋಣ ಎನ್ನುವ ವಿಷಯವಲ್ಲ ಇದು.

ಅಪಾಯ ಅಷ್ಟು ಹತ್ತಿರ ಇಲ್ಲದಿದ್ದರೂ ಎರಡು ಕೆಲಸ ಇವತ್ತೇ ಆಗಬೇಕು. ಒಂದು, ಮನೆಯನ್ನು ಸುರಕ್ಷಿತ ಮಾಡುವುದು. ಮಾತ್ರೆಗಳು, ವಿಷದ ಪದಾರ್ಥಗಳು, ಆಯುಧಗಳು ಬೀಗದೊಳಗೆ ಹೋಗಬೇಕು, ಸಾಧ್ಯವಾದರೆ ಮನೆಯಿಂದಲೇ ಆಚೆ ಹೋಗಬೇಕು. ‘ಸಾಯಬೇಕು ಎಂದುಕೊಂಡವರು ಹೇಗಾದರೂ ಸಾಯುತ್ತಾರೆ’ ಎನ್ನುವ ಮಾತು ಸುಳ್ಳು. ಆ ತೀವ್ರ ಗಳಿಗೆ ಬಹಳ ಸಲ ಚಿಕ್ಕದಾಗಿರುತ್ತದೆ, ಆಗ ಕೈಗೆ ಏನೂ ಸಿಗದಿದ್ದರೆ ಜೀವ ಉಳಿಯುತ್ತದೆ. ಬ್ರಿಟನ್‌ನಲ್ಲಿ 1998ರಲ್ಲಿ ಅಂಗಡಿಯಲ್ಲಿ ಸಿಗುವ ನೋವಿನ ಮಾತ್ರೆಯ ಪ್ಯಾಕೆಟ್‌ಗಳನ್ನು ಚಿಕ್ಕದು ಮಾಡಿದರು. ಮುಂದಿನ ವರ್ಷಗಳಲ್ಲಿ ಆ ಮಾತ್ರೆಯಿಂದಾಗುವ ಸಾವು ಇಳಿಯಿತು. ಪ್ಯಾಕೆಟ್ ಚಿಕ್ಕದಾದರೇ ಇಷ್ಟು ವ್ಯತ್ಯಾಸವಾಗುತ್ತದೆ ಎಂದರೆ, ಬೀರುವಿಗೆ ಬೀಗ ಹಾಕುವುದನ್ನು ಹಗುರವಾಗಿ ನೋಡಬೇಡಿ.

ಎರಡನೆಯದು, ಒಂದು ಹಾಳೆಯ ಸುರಕ್ಷಾ ಯೋಜನೆ. ಬಾರ್ಬರಾ ಸ್ಟಾನ್ಲಿ ಮತ್ತು ಗ್ರೆಗರಿ ಬ್ರೌನ್ ಎಂಬ ಅಮೆರಿಕದ ಇಬ್ಬರು ಸಂಶೋಧಕರು ರೂಪಿಸಿದ ಮಾದರಿ ಬಹಳ ಕಡೆ ಬಳಕೆಯಲ್ಲಿದೆ. ಸಾಧ್ಯವಾದರೆ ಥೆರಪಿಸ್ಟ್ ಜೊತೆ ಕೂತು ಮಾಡಿ. ಮಗುವಿನ ಕೈಯಲ್ಲೇ, ಮಗುವಿನ ಮಾತಲ್ಲೇ ಬರೆಸಿ. ಅದರಲ್ಲಿ ಇರಬೇಕಾದ್ದು:

- ಸ್ಥಿತಿ ಕೆಡುತ್ತಿದೆ ಎಂದು ನನಗೆ ಹೇಗೆ ಗೊತ್ತಾಗುತ್ತದೆ
- ಯಾರ ಸಹಾಯವೂ ಇಲ್ಲದೆ ನಾನೇ ಏನು ಮಾಡಬಹುದು
- ಮನಸ್ಸು ಬೇರೆ ಕಡೆ ತಿರುಗುವಂಥ ಜನ, ಜಾಗ
- ವಿಷಯ ಬಿಚ್ಚಿ ಹೇಳಿಕೊಳ್ಳಬಹುದಾದ ಮನೆಯವರು, ಗೆಳೆಯರು
- ವೈದ್ಯರ, ಥೆರಪಿಸ್ಟ್‌ನ, ತುರ್ತು ಸಹಾಯವಾಣಿಯ ನಂಬರ್
- ಸುತ್ತಲಿನ ಜಾಗವನ್ನು ಸುರಕ್ಷಿತವಾಗಿಡಲು ಏನು ಮಾಡಿದ್ದೇವೆ

ಒಂದು ಪ್ರತಿ ಮಗುವಿನ ಫೋನ್‌ನಲ್ಲಿ ಇರಲಿ, ಇನ್ನೊಂದು ನಿಮ್ಮ ಹತ್ತಿರ.

ಕೈ ಕೊಯ್ದುಕೊಳ್ಳುವಂಥ ಗಾಯಗಳ ಬಗ್ಗೆ ಒಂದು ಮಾತು. ಬಹಳಷ್ಟು ಮಕ್ಕಳು ಹಾಗೆ ಮಾಡುವುದು ಸಾಯುವುದಕ್ಕಲ್ಲ, ತಡೆಯಲಾಗದ ಭಾವನೆಯನ್ನು ಒಂದಿಷ್ಟು ಹೊತ್ತು ತಗ್ಗಿಸುವುದಕ್ಕೆ. ಹಾಗೆಂದು ಅದನ್ನು ‘ಗಮನ ಸೆಳೆಯುವ ನಾಟಕ’ ಎಂದು ತಳ್ಳಿಹಾಕಬಾರದು. ಮುಂದಿನ ದಿನಗಳ ಆತ್ಮಹತ್ಯೆಯ ಅಪಾಯ ಅಂಥವರಲ್ಲಿ ಹೆಚ್ಚು. ಗಾಯಕ್ಕೆ ಮದ್ದು ಹಾಕಿ, ಶಿಕ್ಷೆ ಕೊಡಬೇಡಿ, ಥೆರಪಿಸ್ಟ್‌ಗೆ ತಿಳಿಸಿ.

ಹಂತ 4: ಸರಿಯಾದ ಜಾಗ ಹುಡುಕಿ

ಮೊದಲು ಮಾಮೂಲಿ ಡಾಕ್ಟರನ್ನು ನೋಡುವುದು ಒಳ್ಳೆಯದು. ಥೈರಾಯ್ಡ್ ತೊಂದರೆ, ರಕ್ತಹೀನತೆ, ಬಿ12 ಕೊರತೆ, ಕೆಲವು ಔಷಧಿಗಳು, ಮಾದಕ ವಸ್ತು, ಇವೆಲ್ಲ ಸುಸ್ತು, ಬೇಸರ, ಗಾಬರಿಯನ್ನು ತರಬಲ್ಲವು. ಒಂದು ರಕ್ತ ಪರೀಕ್ಷೆಯಿಂದ ಎಷ್ಟೋ ಗೊಂದಲ ಕಳೆಯುತ್ತದೆ.

ಆಮೇಲೆ ಯಾರ ಹತ್ತಿರ? ಮನೋವೈದ್ಯರು ಎಂದರೆ ವೈದ್ಯಕೀಯ ಓದಿದವರು, ಔಷಧಿ ಬರೆದುಕೊಡಬಲ್ಲರು. ಕ್ಲಿನಿಕಲ್ ಸೈಕಾಲಜಿಸ್ಟ್ ಪರೀಕ್ಷೆಗಳನ್ನು ಮಾಡಿ ತೊಂದರೆ ಏನೆಂದು ಗುರುತಿಸುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಆಪ್ತಸಮಾಲೋಚಕರು, ಅಂದರೆ ಕೌನ್ಸೆಲರ್‌ಗಳು, ಪರೀಕ್ಷೆಯ ಒತ್ತಡ, ಗೆಳೆತನದ ಬಿರುಕು, ಸಾವಿನ ದುಃಖದಂಥ ವಿಷಯಗಳಲ್ಲಿ ತುಂಬಾ ಸಹಾಯ ಮಾಡುತ್ತಾರೆ. ಶಾಲೆಯಲ್ಲಿ ಕೌನ್ಸೆಲರ್ ಇದ್ದರೆ ಅಲ್ಲಿಂದಲೇ ಶುರು ಮಾಡಬಹುದು, ಮಗುವಿಗೆ ಆ ಮುಖ ಪರಿಚಯ ಇರುತ್ತದೆ.

ವ್ಯಕ್ತಿಯಷ್ಟೇ ಮುಖ್ಯ ಅವರು ಕೊಡುವ ಚಿಕಿತ್ಸೆ. ‘ಥೆರಪಿ’ ಎನ್ನುವ ಒಂದೇ ಹೆಸರಿನಡಿ ಬೇರೆ ಬೇರೆ ವಿಧಾನಗಳಿವೆ. ತೊಂದರೆಗೆ ತಕ್ಕ ವಿಧಾನ ಸಿಗದೆ, ತಿಂಗಳುಗಟ್ಟಲೆ ಮಾತಾಡಿದರೂ ಏನೂ ಆಗಲಿಲ್ಲ ಎಂದು ಬಿಟ್ಟುಬಿಡುವವರು ಇದ್ದಾರೆ. ಹಾಗಾಗಿ ಈ ನಾಲ್ಕು ಹೆಸರು ನೆನಪಿಟ್ಟುಕೊಳ್ಳಿ.

ಸಿಬಿಟಿ (ಕಾಗ್ನಿಟಿವ್ ಬಿಹೇವಿಯರಲ್ ಥೆರಪಿ): 1960ರ ದಶಕದಲ್ಲಿ ಅಮೆರಿಕದ ಮನೋವೈದ್ಯ ಏರಾನ್ ಬೆಕ್ ಅಡಿಪಾಯ ಹಾಕಿದ ವಿಧಾನ. ಯೋಚನೆ, ಭಾವನೆ, ನಡವಳಿಕೆ ಒಂದನ್ನೊಂದು ಹೇಗೆ ಎಳೆಯುತ್ತವೆ ಎಂದು ಮಗು ಗುರುತಿಸಲು ಕಲಿಯುತ್ತದೆ. ಖಿನ್ನತೆ, ಆತಂಕ ಎರಡಕ್ಕೂ ಬಳಕೆಯಲ್ಲಿದೆ. ಸಾಮಾನ್ಯವಾಗಿ 12ರಿಂದ 16 ಭೇಟಿ, ಮನೆಯಲ್ಲಿ ಮಾಡಬೇಕಾದ ಅಭ್ಯಾಸವೂ ಇರುತ್ತದೆ.

ಎಕ್ಸ್‌ಪೋಶರ್: ಹೆದರಿಕೆಯ ಕಡೆಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗುವುದು. ಆತಂಕಕ್ಕೆ, ಮತ್ತು ಬೇಡದ ಯೋಚನೆ ಪದೇ ಪದೇ ಬಂದು ಮಾಡಿದ್ದನ್ನೇ ಮಾಡಿಸುವ ಒಸಿಡಿಗೆ ಇದು ಜೀವಾಳ. ಆತಂಕಕ್ಕೆ ಚಿಕಿತ್ಸೆ ಕೊಡುತ್ತೇವೆ ಎನ್ನುವವರು ಬರೀ ಉಸಿರಾಟದ ವ್ಯಾಯಾಮ ಹೇಳಿಕೊಟ್ಟು ಇದನ್ನು ಮುಟ್ಟದೇ ಇದ್ದರೆ, ಯಾಕೆ ಎಂದು ಕೇಳಿ.

ಡಿಬಿಟಿ (ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ): ಅಮೆರಿಕದ ಮನಶ್ಶಾಸ್ತ್ರಜ್ಞೆ ಮಾರ್ಷಾ ಲಿನೆಹಾನ್ ರೂಪಿಸಿದ್ದು. ಪದೇ ಪದೇ ಮೈಗೆ ಗಾಯ ಮಾಡಿಕೊಳ್ಳುವ, ಭಾವನೆ ಕೈಮೀರುವ ಮಕ್ಕಳಿಗೆ. ಹದಿಹರೆಯದವರಿಗಾಗಿ ಮಾಡಿದ ರೂಪದಲ್ಲಿ ಅಪ್ಪ ಅಮ್ಮನೂ ತರಗತಿಯಲ್ಲಿ ಕೂತು ಅದೇ ಕೌಶಲ ಕಲಿಯುತ್ತಾರೆ.

ಕುಟುಂಬ ಆಧಾರಿತ ಚಿಕಿತ್ಸೆ: ಊಟ ಬಿಟ್ಟು ಸೊರಗುವ ಅನೊರೆಕ್ಸಿಯಾಕ್ಕೆ. ಲಂಡನ್ನಿನ ಮಾಡ್ಸ್‌ಲಿ ಆಸ್ಪತ್ರೆಯಲ್ಲಿ ಬೆಳೆದದ್ದು. ಇದರಲ್ಲಿ ಮೊದಲ ಹಂತದಲ್ಲಿ ಊಟದ ಹೊಣೆ ಪೂರ್ತಿ ಅಪ್ಪ ಅಮ್ಮನದು.

ಮೊದಲ ಫೋನ್ ಕರೆಯಲ್ಲೇ ಕೇಳಬೇಕಾದ ಪ್ರಶ್ನೆಗಳಿವೆ. ಈ ವಯಸ್ಸಿನವರ ಜೊತೆ ಎಷ್ಟು ಕೆಲಸ ಮಾಡಿದ್ದೀರಿ? ನಿಮ್ಮ ಓದು, ನೋಂದಣಿ ಏನು? ಈ ತೊಂದರೆಗೆ ಯಾವ ವಿಧಾನ ಬಳಸುತ್ತೀರಿ? ನಮ್ಮನ್ನು ಹೇಗೆ ಸೇರಿಸಿಕೊಳ್ಳುತ್ತೀರಿ? ಎರಡು ಭೇಟಿಯ ನಡುವೆ ತುರ್ತು ಬಂದರೆ ಏನು ಮಾಡಬೇಕು? ಖರ್ಚೆಷ್ಟು? ಇದನ್ನೆಲ್ಲ ಕೇಳಿದರೆ ಬೇಸರ ಮಾಡಿಕೊಳ್ಳುವವರ ಹತ್ತಿರ ಹೋಗುವ ಅಗತ್ಯವಿಲ್ಲ.

ಹಂತ 5: ಮಗುವನ್ನು ಒಪ್ಪಿಸಿ, ಮೋಸ ಮಾಡಬೇಡಿ

‘ಹಲ್ಲಿನ ಡಾಕ್ಟರ್ ಹತ್ತಿರ ಹೋಗೋಣ’ ಎಂದು ಹೇಳಿ ಥೆರಪಿಸ್ಟ್ ಹತ್ತಿರ ಕರೆದುಕೊಂಡು ಹೋದರೆ, ಆ ದಿನವೇ ನಂಬಿಕೆ ಹೋಯಿತು. ‘ಹೀಗೇ ಮಾಡ್ತಾ ಇರು, ಹುಚ್ಚಾಸ್ಪತ್ರೆಗೆ ಸೇರಿಸ್ತೀನಿ’ ಎಂದು ಮುಂಚೆ ಯಾವತ್ತಾದರೂ ಹೆದರಿಸಿದ್ದರೆ ಈಗ ಕ್ಷಮೆ ಕೇಳಿ. ಥೆರಪಿ ಯಾವತ್ತೂ ಶಿಕ್ಷೆಯ ಹಾಗೆ ಕಾಣಬಾರದು.

ಆಯ್ಕೆಗಳನ್ನು ಅವರ ಕೈಗೆ ಕೊಡಿ. ಥೆರಪಿಸ್ಟ್ ಹೆಂಗಸಾಗಬೇಕಾ, ಗಂಡಸಾಗಬೇಕಾ? ಎದುರಲ್ಲಿ ಕೂತು ಮಾತಾಡುವುದಾ, ವಿಡಿಯೊ ಕರೆಯಾ? ಯಾವ ದಿನ? ‘ಮೂರು ಸಲ ಹೋಗಿ ನೋಡು. ಇಷ್ಟ ಆಗಲಿಲ್ಲ ಎಂದರೆ ಬೇರೆಯವರನ್ನು ಹುಡುಕೋಣ’ ಎನ್ನಿ. ಈ ಮಾತಿನಲ್ಲಿ ಎರಡು ಅರ್ಥ ಇವೆ: ಈ ವ್ಯಕ್ತಿ ಬೇಡ ಎನ್ನಬಹುದು, ಸಹಾಯವೇ ಬೇಡ ಎನ್ನುವಂತಿಲ್ಲ.

ಎಷ್ಟು ಹೇಳಿದರೂ ಬರುವುದಿಲ್ಲ ಎಂದರೆ? ಇಲ್ಲಿಗೇ ಬಹಳ ಮನೆಗಳಲ್ಲಿ ಎಲ್ಲ ನಿಂತುಹೋಗುತ್ತದೆ. ನಿಲ್ಲಬೇಕಾಗಿಲ್ಲ, ನೀವು ಹೋಗಿ. ಯೇಲ್ ವಿಶ್ವವಿದ್ಯಾಲಯದ ಎಲಿ ಲೆಬೊವಿಟ್ಜ್ ಆತಂಕವಿರುವ ಮಕ್ಕಳಿಗಾಗಿ ರೂಪಿಸಿದ ‘ಸ್ಪೇಸ್’ ಎಂಬ ಚಿಕಿತ್ಸೆಯಲ್ಲಿ ಮಗು ಬರುವುದೇ ಇಲ್ಲ, ಅಪ್ಪ ಅಮ್ಮ ಮಾತ್ರ ಬರುತ್ತಾರೆ. 7ರಿಂದ 14 ವರ್ಷದ 124 ಮಕ್ಕಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗುವೇ ಸಿಬಿಟಿ ಪಡೆದದ್ದಕ್ಕೆ ಹೋಲಿಸಿದರೆ ಇದು ಕಡಿಮೆಯಾಗಿರಲಿಲ್ಲ. ಮಗು ಒಂದು ಸಲವೂ ಥೆರಪಿಸ್ಟ್ ಮುಂದೆ ಕೂರದೆ ಆತಂಕ ಇಳಿಯಿತು! ಮನೆಯವರ ಪಾಲು ಎಷ್ಟು ದೊಡ್ಡದು ಎನ್ನುವುದಕ್ಕೆ ನನಗೆ ಇದಕ್ಕಿಂತ ಗಟ್ಟಿ ಸಾಕ್ಷಿ ಕಂಡಿಲ್ಲ. ಸಾಯುವ ಅಪಾಯ ಇರುವಾಗ ಮಾತ್ರ ಒಪ್ಪಿಗೆಗೆ ಕಾಯುವ ಪ್ರಶ್ನೆಯೇ ಇಲ್ಲ.

ಹಂತ 6: ಗುಟ್ಟಿನ ಒಪ್ಪಂದ ಮೊದಲೇ ಆಗಲಿ

ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ಎಲ್ಲರೂ ಒಟ್ಟಿಗೆ ಕೂರುತ್ತಾರೆ, ಆಮೇಲೆ ಮಗು ಒಂಟಿಯಾಗಿ. ನೋಟ್‌ಬುಕ್ ತೆಗೆದುಕೊಂಡು ಹೋಗಿ. ಹುಟ್ಟಿನಿಂದ ಇಲ್ಲಿಯವರೆಗಿನ ಆರೋಗ್ಯ, ಮನೆತನದಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ, ಆತ್ಮಹತ್ಯೆ ನಡೆದಿತ್ತೇ ಎಂದು ಕೇಳುತ್ತಾರೆ. ಮುಚ್ಚಿಡಬೇಡಿ. ಮಗುವಿನ ಮುಂದೆ ಹೇಳಲಾಗದ್ದನ್ನು ಬೇರೆಯಾಗಿ ಹೇಳಲು ಸಮಯ ಕೇಳಿ.

ಅದೇ ದಿನ, ಮೂವರೂ ಇರುವಾಗಲೇ ಒಂದು ವಿಷಯ ತೀರ್ಮಾನವಾಗಬೇಕು: ಏನು ಗುಟ್ಟಾಗಿರುತ್ತದೆ, ಏನು ಇರುವುದಿಲ್ಲ. ಸಾಮಾನ್ಯವಾಗಿ ಮಗು ತನಗೆ ಅಥವಾ ಬೇರೆಯವರಿಗೆ ಅಪಾಯ ಮಾಡುವ ಸಂಭವ ಇದ್ದರೆ, ಯಾರಾದರೂ ಮಗುವಿಗೆ ದೌರ್ಜನ್ಯ ಮಾಡುತ್ತಿದ್ದರೆ ಥೆರಪಿಸ್ಟ್ ಅದನ್ನು ಒಳಗೇ ಇಟ್ಟುಕೊಳ್ಳುವುದಿಲ್ಲ. ಉಳಿದದ್ದು, ಯಾರ ಮೇಲೆ ಮನಸ್ಸಾಗಿದೆ, ಅಪ್ಪನ ಮೇಲೆ ಎಷ್ಟು ಸಿಟ್ಟಿದೆ, ಇವೆಲ್ಲ ಆ ರೂಮಿನಲ್ಲೇ ಉಳಿಯುತ್ತವೆ. ವಯಸ್ಸಿನ ಮಿತಿ, ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಹೇಗೆ ಎಂದು ಥೆರಪಿಸ್ಟ್ ಅವರನ್ನೇ ಕೇಳಿಕೊಳ್ಳಿ.

ಆಚೆ ಬಂದ ತಕ್ಷಣ ‘ಏನು ಕೇಳಿದರು? ನಮ್ಮ ಬಗ್ಗೆ ಏನು ಹೇಳಿದೆ?’ ಎಂದು ಶುರು ಮಾಡಬೇಡಿ. ‘ಹೇಗಿತ್ತು?’ ಎಂದು ಒಂದು ಸಲ ಕೇಳಿ. ಉತ್ತರ ‘ಓಕೆ’ ಎಂದು ಬಂದರೆ ಅಷ್ಟೇ ಸಾಕು. ನಿಮಗೆ ಹೇಳಬೇಕಾದ್ದು ಇದ್ದರೆ ಥೆರಪಿಸ್ಟ್‌ಗೆ ತಿಳಿಸಿ, ಹೀಗೆ ತಿಳಿಸಿದ್ದೇನೆ ಎಂದು ಮಗುವಿಗೂ ಹೇಳಿ. ಬೆನ್ನ ಹಿಂದೆ ಮಾತಾಡಿದರೆ ಮಗುವಿನ ಕಣ್ಣಲ್ಲಿ ಥೆರಪಿಸ್ಟ್ ನಿಮ್ಮ ಬೇಹುಗಾರರಾಗುತ್ತಾರೆ.

ಹಂತ 7: ಔಷಧಿಯ ಮಾತು ಬಂದರೆ

ಎಲ್ಲರಿಗೂ ಔಷಧಿ ಬೇಕಾಗುವುದಿಲ್ಲ. ಬೇಕಾದಾಗ ಹೆದರಿ ದೂರ ಇಡುವುದೂ ತಪ್ಪು. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಟ್ಯಾಡ್ಸ್ ಎಂಬ ಅಧ್ಯಯನದಲ್ಲಿ ಖಿನ್ನತೆಯಿದ್ದ 12ರಿಂದ 17 ವರ್ಷದ 439 ಮಕ್ಕಳಿದ್ದರು. 12 ವಾರಗಳ ನಂತರ ಖಿನ್ನತೆಗೆ ಕೊಡುವ ಫ್ಲುಓಕ್ಸೆಟಿನ್ ಮಾತ್ರೆ ಮತ್ತು ಸಿಬಿಟಿ ಎರಡೂ ಪಡೆದವರಲ್ಲಿ 71% ಮಂದಿ ಸುಧಾರಿಸಿದ್ದರು. ಮಾತ್ರೆ ಮಾತ್ರ ತೆಗೆದುಕೊಂಡವರಲ್ಲಿ 61%, ಸಿಬಿಟಿ ಮಾತ್ರ ಪಡೆದವರಲ್ಲಿ 43%, ಔಷಧಿಯಿಲ್ಲದ ಹುಸಿ ಮಾತ್ರೆ ತೆಗೆದುಕೊಂಡವರಲ್ಲಿ 35%. ಆ ಅಧ್ಯಯನದಲ್ಲಿದ್ದವರ ಖಿನ್ನತೆ ಸಾಕಷ್ಟು ಗಟ್ಟಿಯಾಗಿತ್ತು ಎನ್ನುವುದು ನೆನಪಿರಲಿ. ಹಗುರಾದ ತೊಂದರೆಗೆ ಸಾಮಾನ್ಯವಾಗಿ ಥೆರಪಿಯಿಂದಲೇ ಶುರು ಮಾಡುತ್ತಾರೆ.

ಇನ್ನೊಂದು ಮುಖವೂ ಇದೆ. ಅದೇ 2004ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಖಿನ್ನತೆಯ ಮಾತ್ರೆಗಳಿಂದ ಮಕ್ಕಳಲ್ಲಿ, ಹದಿಹರೆಯದವರಲ್ಲಿ ಆತ್ಮಹತ್ಯೆಯ ಯೋಚನೆ ಹೆಚ್ಚಾಗಬಹುದು ಎಂಬ ಗಟ್ಟಿ ಎಚ್ಚರಿಕೆಯನ್ನು ಹಾಕಿಸಿತು. 2007ರಲ್ಲಿ ಅದನ್ನು 24 ವರ್ಷದವರೆಗೂ ವಿಸ್ತರಿಸಿತು. ಅದಕ್ಕೆ ಮಾತ್ರೆಯೇ ಬೇಡ ಎಂದು ಅರ್ಥವಲ್ಲ. ಶುರುವಿನ ವಾರಗಳಲ್ಲಿ, ಪ್ರಮಾಣ ಬದಲಿಸಿದಾಗ ಹತ್ತಿರದಿಂದ ನೋಡಿಕೊಳ್ಳಬೇಕು. ಇದ್ದಕ್ಕಿದ್ದಂತೆ ಚಡಪಡಿಕೆ, ನಿದ್ದೆಗೇಡು, ಸಿಟ್ಟು ಹೆಚ್ಚಾದರೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ಪೂರ್ತಿ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕಾಗಬಹುದು. ಚೆನ್ನಾಗಾಯಿತು ಎಂದು ನೀವೇ ನಿಲ್ಲಿಸಬೇಡಿ. ಮಾತ್ರೆಯ ಡಬ್ಬಿ ದೊಡ್ಡವರ ಹತ್ತಿರವೇ ಇರಲಿ.

ಹಂತ 8: ಮನೆಯಲ್ಲಿ ಬದಲಾಗಬೇಕಾದ್ದು

ನೋಟ್‌ಬುಕ್‌ನ ಕೊನೆಯ ಕಾಲಂ ಈಗ ತೆಗೆಯಿರಿ. ‘ಆಮೇಲೆ ಮನೆಯವರು ಏನು ಮಾಡಿದರು?’ ಮಗಳಿಗೆ ಶಾಲೆಗೆ ಹೋಗಲು ಗಾಬರಿ, ಅಮ್ಮ ರಜೆ ಹಾಕಿಸಿದರು. ಮಗನಿಗೆ ಅಂಗಡಿಯವರ ಹತ್ತಿರ ಮಾತಾಡಲು ಭಯ, ಅಪ್ಪ ತಾವೇ ಮಾತಾಡಿದರು. ಗ್ಯಾಸ್ ಆಫ್ ಆಗಿದೆಯಾ ಎಂದು ಮಗಳು ಹತ್ತು ಸಲ ಕೇಳಿದಳು, ಮನೆಯವರು ಹತ್ತು ಸಲವೂ ಆಗಿದೆ ಎಂದರು. ಎಲ್ಲವೂ ಪ್ರೀತಿಯಿಂದ ಮಾಡಿದ್ದೇ. ಆದರೆ ಪ್ರತಿ ಸಲವೂ ಮಗುವಿಗೆ ತಲುಪಿದ ಸಂದೇಶ ಒಂದೇ: ಇದು ನಿನ್ನ ಕೈಲಿ ಆಗುವುದಿಲ್ಲ. ತಪ್ಪಿಸಿಕೊಂಡಷ್ಟೂ ಭಯ ಬೆಳೆಯುತ್ತದೆ, ಬಳ್ಳಿಗೆ ನೀರೆರೆದ ಹಾಗೆ.

ಇದನ್ನು ಒಂದೇ ದಿನದಲ್ಲಿ ನಿಲ್ಲಿಸಲು ಹೋಗಬೇಡಿ. ಥೆರಪಿಸ್ಟ್ ಜೊತೆ ಕೂತು ಒಂದೇ ಒಂದು ವಿಷಯ ಆರಿಸಿ. ಮಗುವಿಗೆ ಮುಂಚೆಯೇ, ಸಮಾಧಾನವಾಗಿರುವ ಹೊತ್ತಿನಲ್ಲಿ ಹೇಳಿ: ‘ನಿನಗೆ ಎಷ್ಟು ಭಯ ಆಗುತ್ತೆ ಅಂತ ನನಗೆ ಗೊತ್ತು. ನೀನು ತಡ್ಕೋತೀಯ ಅಂತಲೂ ಗೊತ್ತು. ಅದಕ್ಕೆ ಸೋಮವಾರದಿಂದ ಗ್ಯಾಸ್ ಬಗ್ಗೆ ಒಂದೇ ಸಲ ಉತ್ತರ ಕೊಡ್ತೀನಿ.’ ಮೊದಲ ಎರಡೂ ವಾಕ್ಯ ಬೇಕು. ಮೊದಲನೆಯದು ಮಾತ್ರ ಇದ್ದರೆ ಬರೀ ಮರುಕವಾಗುತ್ತದೆ, ಎರಡನೆಯದು ಮಾತ್ರ ಇದ್ದರೆ ಕಟುವಾಗುತ್ತದೆ. ಮೊದಲ ಕೆಲವು ದಿನ ಗಲಾಟೆ ಹೆಚ್ಚುತ್ತದೆ. ಅಪ್ಪ, ಅಮ್ಮ, ಅಜ್ಜಿ, ತಾತ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಒಬ್ಬರು ಗಟ್ಟಿಯಾಗಿ ನಿಂತು ಇನ್ನೊಬ್ಬರು ಹಿಂಬಾಗಿಲಿನಿಂದ ಬಿಟ್ಟುಕೊಟ್ಟರೆ ಮುಂಚಿಗಿಂತ ಕಷ್ಟವಾಗುತ್ತದೆ.

ಖಿನ್ನತೆಯಲ್ಲಿ ಸಮಸ್ಯೆ ಸ್ವಲ್ಪ ಬೇರೆ. ಅಲ್ಲಿ ಮನಸ್ಸು ಬಂದ ಮೇಲೆ ಕೆಲಸ ಎಂದು ಕಾಯುತ್ತಾ ಕೂತರೆ ಮನಸ್ಸು ಬರುವುದೇ ಇಲ್ಲ. ಚಿಕ್ಕ ಕೆಲಸದಿಂದ ಶುರುವಾಗಬೇಕು. ಹತ್ತು ನಿಮಿಷ ನಡಿಗೆ, ಒಬ್ಬ ಗೆಳತಿಗೆ ಒಂದು ಮೆಸೇಜ್. ಮಾಡಿದ್ದನ್ನು ಗುರುತಿಸಿ, ಮಾಡದ್ದನ್ನು ಎತ್ತಿ ಆಡಬೇಡಿ. ಟೀಕೆಯೇ ತುಂಬಿರುವ ಮನೆಯಲ್ಲಿ ಚೇತರಿಕೆ ನಿಧಾನ.

ಫೋನ್ ವಿಷಯದಲ್ಲಿ ನನ್ನ ಅಭಿಪ್ರಾಯ ಇಷ್ಟೇ: ಪೂರ್ತಿ ಕಿತ್ತುಕೊಳ್ಳುವುದು ಬೇಡ. ಬಹಳ ಮಕ್ಕಳಿಗೆ ಗೆಳೆಯರು ಸಿಗುವುದೇ ಅಲ್ಲಿ. ರಾತ್ರಿ ಮಾತ್ರ ಎಲ್ಲರ ಫೋನ್ ಮಲಗುವ ಕೋಣೆಯ ಆಚೆ ಚಾರ್ಜಿಗಿರಲಿ. ಎಲ್ಲರ ಫೋನ್ ಎಂದರೆ ನಿಮ್ಮದೂ.

ಮನೆಯಲ್ಲಿ ಇನ್ನೊಂದು ಮಗು ಇದ್ದರೆ ಅದನ್ನು ಮರೆಯಬೇಡಿ. ಅಕ್ಕನಿಗೆ ಏನಾಗಿದೆ ಎಂದು ಅದರ ವಯಸ್ಸಿಗೆ ತಕ್ಕಂತೆ ಹೇಳಿ, ಅದಕ್ಕೆಂದೇ ವಾರದಲ್ಲಿ ಸ್ವಲ್ಪ ಸಮಯ ಇಡಿ. ನಿಮಗೇ ನಿದ್ದೆಯಿಲ್ಲ, ಕೆಲಸ ಮಾಡಲಾಗುತ್ತಿಲ್ಲ ಎಂದರೆ ನೀವೂ ಯಾರನ್ನಾದರೂ ನೋಡಿ. ಅಪ್ಪ ಅಥವಾ ಅಮ್ಮನ ಖಿನ್ನತೆಗೆ ಚಿಕಿತ್ಸೆಯಾದರೆ ಮಕ್ಕಳಿಗೂ ಒಳ್ಳೆಯದಾಗುತ್ತದೆ.

ಶಾಲೆಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಮಗುವನ್ನು ಕೇಳಿ, ನಂಬಿಕೆಯ ಒಬ್ಬ ಶಿಕ್ಷಕರಿಗೆ ಎಷ್ಟು ಬೇಕೋ ಅಷ್ಟು ತಿಳಿಸಿ. ಬೇಕಾಗಿರುವುದನ್ನು ಸ್ಪಷ್ಟವಾಗಿ ಕೇಳಿ: ಗಾಬರಿಯಾದಾಗ ಐದು ನಿಮಿಷ ತರಗತಿಯಿಂದ ಆಚೆ ಹೋಗಲು ಅನುಮತಿ, ಬಾಕಿ ಉಳಿದ ಹೋಮ್‌ವರ್ಕ್‌ಗೆ ಸಮಯ. ಶಾಲೆ ಬಿಟ್ಟಿದ್ದರೆ ವಾಪಸು ಹೋಗುವುದು ಹಂತ ಹಂತವಾಗಿ ಆಗಲಿ. ಆದರೆ ಬೇಗ ಶುರುವಾಗಲಿ, ಮನೆಯಲ್ಲಿ ಕಳೆದ ಪ್ರತಿ ವಾರವೂ ಮರಳುವುದನ್ನು ಕಷ್ಟ ಮಾಡುತ್ತದೆ.

ಹಂತ 9: ಫಲ ಸಿಗುತ್ತಿದೆಯೇ ಎಂದು ಅಳೆಯಿರಿ

ಶುರುವಿನಲ್ಲೇ ಎರಡು ಮೂರು ಗುರಿ ಬರೆಯಿರಿ. ‘ಖುಷಿಯಾಗಿರಬೇಕು’ ಎನ್ನುವುದು ಗುರಿಯಲ್ಲ, ಅಳೆಯಲಾಗುವುದಿಲ್ಲ. ‘ವಾರದಲ್ಲಿ ನಾಲ್ಕು ದಿನ ಶಾಲೆ’, ‘ಊಟ ಎಲ್ಲರ ಜೊತೆ’ ಇವು ಗುರಿಗಳು. ಕೆಲವು ಥೆರಪಿಸ್ಟ್‌ಗಳು ಪಿಎಚ್‌ಕ್ಯೂ–9 ಎಂಬ ಪ್ರಶ್ನಾವಳಿ ಕೊಡುತ್ತಾರೆ. ಒಂಬತ್ತು ಪ್ರಶ್ನೆ, ಒಟ್ಟು ಅಂಕ 0ಯಿಂದ 27. 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಹೆಚ್ಚಿನ ಪರೀಕ್ಷೆ ಬೇಕು ಎಂದು ಲೆಕ್ಕ. ಹದಿಹರೆಯದವರಿಗೆ ತಿದ್ದಿದ ರೂಪವೂ ಇದೆ. ಅಂಕವೊಂದರಿಂದಲೇ ಕಾಯಿಲೆ ತೀರ್ಮಾನವಾಗುವುದಿಲ್ಲ, ಆದರೆ ತಿಂಗಳಿಂದ ತಿಂಗಳಿಗೆ ಇಳಿಯುತ್ತಿದೆಯೇ ಎಂದು ನೋಡಲು ಒಳ್ಳೆಯದು.

ಆರರಿಂದ ಎಂಟು ವಾರ ಕಳೆದರೂ ಏನೂ ಕದಲದಿದ್ದರೆ ಸುಮ್ಮನಿರಬೇಡಿ. ಥೆರಪಿಸ್ಟ್ ಹತ್ತಿರ ನೇರವಾಗಿ ಮಾತಾಡಿ. ವಿಧಾನ ಬದಲಿಸಬೇಕಾ, ಮನೋವೈದ್ಯರನ್ನು ನೋಡಬೇಕಾ, ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ತೊಂದರೆ), ಆಟಿಸಂ, ಶಾಲೆಯಲ್ಲಿ ಕಿರುಕುಳ ಹೀಗೆ ಗಮನಕ್ಕೆ ಬಾರದ್ದು ಏನಾದರೂ ಇದೆಯಾ? ಮಗುವಿಗೂ ಥೆರಪಿಸ್ಟ್‌ಗೂ ಹೊಂದುವುದೇ ಇಲ್ಲ ಎಂದಾದರೆ ಬೇರೆಯವರ ಹತ್ತಿರ ಹೋಗುವುದರಲ್ಲಿ ತಪ್ಪೇನಿಲ್ಲ.

ಹಂತ 10: ಮುಗಿಸುವುದು, ಮತ್ತೆ ಬಂದರೆ ಏನು ಮಾಡುವುದು

ಸ್ವಲ್ಪ ಚೆನ್ನಾದ ತಕ್ಷಣ ನಿಲ್ಲಿಸಬೇಡಿ. ಭೇಟಿಗಳ ಅಂತರ ಹೆಚ್ಚಿಸುತ್ತಾ ಹೋಗಿ: ಎರಡು ವಾರಕ್ಕೊಮ್ಮೆ, ತಿಂಗಳಿಗೊಮ್ಮೆ. ಟ್ಯಾಡ್ಸ್ ಅಧ್ಯಯನದಲ್ಲಿದ್ದವರಲ್ಲಿ 196 ಮಂದಿಯನ್ನು ಐದು ವರ್ಷ ನೋಡಿದಾಗ ಬಹುತೇಕ ಎಲ್ಲರೂ ಚೇತರಿಸಿಕೊಂಡಿದ್ದರು. ಆದರೆ ಹಾಗೆ ಚೇತರಿಸಿಕೊಂಡವರಲ್ಲಿ ಹೆಚ್ಚುಕಡಿಮೆ ಅರ್ಧ ಮಂದಿಗೆ ಖಿನ್ನತೆ ಮತ್ತೊಮ್ಮೆ ಬಂದಿತ್ತು. ಹಾಗಾಗಿ ಮರಳಿ ಬರುವುದನ್ನು ಸೋಲು ಎಂದುಕೊಳ್ಳಬಾರದು. ಬರಬಹುದು ಎಂದೇ ತಯಾರಿ ಇರಬೇಕು.

ಕೊನೆಯ ಭೇಟಿಗಳಲ್ಲಿ ಮಗು, ಮನೆಯವರು, ಥೆರಪಿಸ್ಟ್ ಸೇರಿ ಒಂದು ಹಾಳೆ ಮಾಡಿ. ನನಗೆ ಮೊದಲು ಕೆಡುವುದು ಯಾವುದು, ನಿದ್ದೆಯಾ, ಊಟವಾ, ಗೆಳೆಯರ ಫೋನ್ ಎತ್ತುವುದಾ? ಕಳೆದ ಸಲ ಯಾವುದರಿಂದ ಸಹಾಯವಾಯಿತು? ಪರೀಕ್ಷೆ, ಹೊಸ ಕಾಲೇಜು, ಪ್ರೀತಿ ಮುರಿಯುವುದು, ಮನೆ ಬದಲಿಸುವುದು, ಇವುಗಳಲ್ಲಿ ಯಾವುದು ಹತ್ತಿರದಲ್ಲಿದೆ? ಎಷ್ಟು ದಿನ ಹೀಗಿದ್ದರೆ ಥೆರಪಿಸ್ಟ್‌ಗೆ ಫೋನ್ ಮಾಡಬೇಕು, ಯಾರು ಮಾಡಬೇಕು? ಆ ಕೊನೆಯ ಸಾಲಿನಲ್ಲಿ ಮಗುವಿನ ಹೆಸರು ಮೊದಲು ಇರಲಿ, ಅದರ ಪಕ್ಕದಲ್ಲಿ ನಿಮ್ಮ ಹೆಸರು. ಅಪ್ಪ ಅಮ್ಮ ಹೀಗೆ ಕಂಡಾಗ ಏನು ಹೇಳಿದರೆ ತನಗೆ ಕಿರಿಕಿರಿಯಾಗುವುದಿಲ್ಲ ಎಂದೂ ಮಗುವಿನಿಂದಲೇ ಬರೆಸಿಕೊಳ್ಳಿ. ‘ಮತ್ತೆ ಶುರುವಾಯ್ತಾ?’ ಎನ್ನುವುದು ಆ ಪಟ್ಟಿಯಲ್ಲಿ ಇರುವುದಿಲ್ಲ. ‘ಹಾಳೆ ತೆಗೆದು ನೋಡೋಣ್ವಾ?’ ಎನ್ನುವುದು ಇರಬಹುದು. ಹದಿನೆಂಟು ದಾಟುತ್ತಿರುವ ಮಗು ಓದಿಗೋ ಕೆಲಸಕ್ಕೋ ಬೇರೆ ಊರಿಗೆ ಹೊರಟರೆ, ಹೊರಡುವ ಮುಂಚೆಯೇ ಅಲ್ಲಿ ನೋಡಬೇಕಾದ ವೈದ್ಯರ ಹೆಸರು ಹುಡುಕಿಡಿ. ಇಲ್ಲಿಯವರೆಗಿನ ಚಿಕಿತ್ಸೆಯ ವಿವರ, ಮಾತ್ರೆ ಮತ್ತು ಅದರ ಪ್ರಮಾಣ ಬರೆದ ಪತ್ರವನ್ನು ಈಗಿನ ವೈದ್ಯರಿಂದ ತೆಗೆದುಕೊಂಡು ಮಗುವಿನ ಕೈಗೇ ಕೊಡಿ.